ಮಂದಕದ ಗುಟ್ಟು, ಭಾರಜಲದ ಲೆಕ್ಕ

ಗುಬ್ಬಿಯ ಯಾವ ಅಂಗಳದಲ್ಲಾದರೂ ಮಾಡಿ ನೋಡಬಹುದು. ಒಂದು ಗೋಲಿಯನ್ನು ಸುಲಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯಿರಿ. ಕಾಯಿ ಕದಲುವುದಿಲ್ಲ, ಗೋಲಿ ರಭಸವಾಗಿ ವಾಪಸು ಬರುತ್ತದೆ. ಅದೇ ಗೋಲಿಯಿಂದ ಇನ್ನೊಂದು ಗೋಲಿಗೆ ನೇರ ಹೊಡೆದರೆ ಹೊಡೆದದ್ದು ಅಲ್ಲೇ ನಿಲ್ಲುತ್ತದೆ, ಏಟು ತಿಂದದ್ದು ಓಡುತ್ತದೆ. ವೇಗ ಕೈಬದಲಾಗಲು ಸಮತೂಕ ಬೇಕು. ಪರಮಾಣು ರಿಯಾಕ್ಟರಿನಲ್ಲಿರುವ ಮಾಡರೇಟರ್, ನಮ್ಮ ಭಾಷೆಯ ಮಂದಕ, ಮಾಡುವುದು ಇದನ್ನೇ.

ಹೆಸರು ಕೇಳಿ ಅದನ್ನು ಬ್ರೇಕ್ ಎಂದುಕೊಳ್ಳುವವರಿದ್ದಾರೆ. ಬ್ರೇಕಿನ ಕೆಲಸ ನಿಯಂತ್ರಣ ಸರಳುಗಳದ್ದು. ಮಂದಕ ಇಲ್ಲದಿದ್ದರೆ ಕೈಗಾ ಅಣುಸ್ಥಾವರದ ಒಲೆ ಹೊತ್ತುವುದೇ ಇಲ್ಲ. ಯುರೇನಿಯಂ ಸೀಳಿದಾಗ ಚಿಮ್ಮುವ ನ್ಯೂಟ್ರಾನ್ ಸೆಕೆಂಡಿಗೆ ಸುಮಾರು 20,000 ಕಿ.ಮೀ. ಓಡುತ್ತದೆ. ಆ ಓಟದಲ್ಲಿ ಅದು ಇನ್ನೊಂದು ಯುರೇನಿಯಂ-235 ಪರಮಾಣುವನ್ನು ಸೀಳುವ ಸಾಧ್ಯತೆ ತೀರಾ ಕಡಿಮೆ. ವೇಗ 2.2 ಕಿ.ಮೀ.ಗೆ ಇಳಿದರೆ ಕೆಲಸ ಸರಾಗ. ನ್ಯೂಟ್ರಾನ್‌ಗೆ ಹೆಚ್ಚುಕಡಿಮೆ ಸಮತೂಕದ, ಸಾದಾ ನೀರಿನ ಹೈಡ್ರೋಜನ್ ಸುಮಾರು 18 ಡಿಕ್ಕಿಯಲ್ಲಿ ಅದನ್ನು ಇಳಿಸುತ್ತದೆ, ಆದರೆ ಎಷ್ಟೋ ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತದೆ. ಭಾರಜಲದ ಡ್ಯುಟೀರಿಯಂಗೆ, ಅಂದರೆ ಇಮ್ಮಡಿ ತೂಕದ ಹೈಡ್ರೋಜನ್‌ಗೆ, 25 ಡಿಕ್ಕಿ ಬೇಕು. ನುಂಗುವುದು ಮಾತ್ರ ಅತ್ಯಲ್ಪ. ಈ ಡ್ಯುಟೀರಿಯಂ ಕುಣಿಗಲ್ ದೊಡ್ಡಕೆರೆಯಲ್ಲೂ ಇದೆ, ಸುಮಾರು ಆರೂವರೆ ಸಾವಿರ ಹೈಡ್ರೋಜನ್ ಪರಮಾಣುಗಳಿಗೆ ಒಂದರಂತೆ. ಅದನ್ನು ಬೇರ್ಪಡಿಸುವ ಖರ್ಚೇ ದೊಡ್ಡದು.

ತುಮಕೂರು ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರನ್ನು ನಾವು ಪೋಖ್ರಾನ್‌ ಅಣುಸ್ಫೋಟದ ಜೊತೆಗೇ ನೆನೆಯುತ್ತೇವೆ. ಅದಕ್ಕೂ ಮುಂಚೆ, 1950ರ ದಶಕದಲ್ಲಿ, ಮಂದಕಗಳಾದ ನೀರು ಮತ್ತು ಬೆರಿಲಿಯಂ ಆಕ್ಸೈಡ್‌ನಲ್ಲಿ ನ್ಯೂಟ್ರಾನ್ ಹೇಗೆ ನಿಧಾನವಾಗುತ್ತದೆ, ಹೇಗೆ ಹರಡುತ್ತದೆ ಎಂದು ಅಳೆದವರು ಅವರು. ತುಮಕೂರಿನ ಶಾಲೆಗಳಲ್ಲಿ ಮಕ್ಕಳಿಗೆ ಮೊದಲು ಪರಿಚಯವಾಗಬೇಕಾದದ್ದು ಈ ರಾಮಣ್ಣ.

ಯಾವ ಮಂದಕ ಎಂಬ ಪ್ರಶ್ನೆಯಲ್ಲೇ ಇಂಧನಕ್ಕೆ ಯಾರ ಬಾಗಿಲು ತಟ್ಟಬೇಕು ಎಂಬುದೂ ಅಡಗಿದೆ. 1969ರಲ್ಲಿ ಶುರುವಾದ ತಾರಾಪುರ ಅಣುಸ್ಥಾವರದ ಘಟಕಗಳದ್ದು ಸಾದಾ ನೀರು. ನುಂಗಿದ ನ್ಯೂಟ್ರಾನ್‌ಗಳ ನಷ್ಟ ತುಂಬಲು ಸಂವರ್ಧಿತ, ಅಂದರೆ 235ರ ಅಂಶ ಹೆಚ್ಚಿಸಿದ, ಯುರೇನಿಯಂ ಬೇಕು, ಅದು ಅಮೆರಿಕದಿಂದ ಬರುತ್ತಿತ್ತು. 1974ರ ಪೋಖ್ರಾನ್ ಸ್ಫೋಟದ ನಂತರ ಆ ಪೂರೈಕೆಗೆ ತೊಡಕು ಶುರುವಾಯಿತು. ಭಾರಜಲವಿದ್ದರೆ ಗಣಿಯ ಸಹಜ ಯುರೇನಿಯಮ್ಮೇ ಸಾಕು. 2000ದಿಂದ 2011ರವರೆಗೆ ಒಂದೊಂದಾಗಿ ಶುರುವಾದ ಕೈಗಾದ 220 ಮೆಗಾವಾಟ್‌ನ ನಾಲ್ಕೂ ಘಟಕಗಳು ಈ ದಾರಿಯವು. ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ಬಿಡುವಿಲ್ಲದೆ ಓಡಿತು. ಈ ಆಯ್ಕೆ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಅದಕ್ಕೆ ತೆರುವ ಬೆಲೆಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಅಪರೂಪಕ್ಕೆ ನ್ಯೂಟ್ರಾನ್ ನುಂಗಿದ ಡ್ಯುಟೀರಿಯಂ ಟ್ರಿಟಿಯಂ ಆಗುತ್ತದೆ. ಅದು ಅರ್ಧಕ್ಕಿಳಿಯಲು 12.3 ವರ್ಷ ಬೇಕು. ಅದರ ವಿಕಿರಣ ಚರ್ಮ ದಾಟದಷ್ಟು ದುರ್ಬಲ, ಆದರೆ ನೀರಿನ ರೂಪದಲ್ಲೇ ಒಳಸೇರಿದರೆ ಮೈತುಂಬ ಹರಡುತ್ತದೆ. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರ್ ಒಂದಕ್ಕೆ ಟ್ರಿಟಿಯಂ ಇದ್ದ ಭಾರಜಲ ಸೇರಿತ್ತು. ಐವತ್ತಕ್ಕೂ ಹೆಚ್ಚು ನೌಕರರ ಮೈಗೆ ಅದು ಹೊಕ್ಕದ್ದು ಮೂತ್ರ ಪರೀಕ್ಷೆಯಲ್ಲಿ ಗೊತ್ತಾಯಿತು. ಬಾಯಾರಿ ಲೋಟ ಹಿಡಿದವರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದೂ ನೀರೇ.

ಈಗ ಕೈಗಾಕ್ಕೆ 700 ಮೆಗಾವಾಟ್‌ನ ಇನ್ನೆರಡು ಘಟಕಗಳು ಬರಲಿವೆ, ಅವೂ ಭಾರಜಲದವೇ. ಪಕ್ಕದ ಕಾಳಿ ನದಿ, ಕದ್ರಾ ಜಲಾಶಯದ ನೀರಿನಲ್ಲಿ ಟ್ರಿಟಿಯಂ ಎಷ್ಟು, ಮಿತಿ ಎಷ್ಟು ಎಂಬ ಅಂಕಿಗಳನ್ನು ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ, ಸುತ್ತಲಿನ ಪಂಚಾಯಿತಿಗಳ ಫಲಕದಲ್ಲಿ ಬರೆದು ಹಾಕಲಿ. ಹೊಸ ಘಟಕಗಳಿಗೆ ಭಾರಜಲ ತುಂಬುವ ಮೊದಲೇ ಈ ಫಲಕ ಏಳಬೇಕು.