ಚಿತ್ರದ ಕೆಳಗಿನ ಮಾತು

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಕನ್ನಡ ಪಂಡಿತನಾದ ನಾನು ಎಂದಿನಂತೆ ಕೇಶಿರಾಜನ ಒಂದು ಸೂತ್ರವನ್ನೋ ಷಟ್ಪದಿಯ ಲಕ್ಷಣವನ್ನೋ ಎತ್ತಿಕೊಳ್ಳುವೆನೆಂದು ಅವರು ಎಣಿಸಿದ್ದರೆಂದು ತೋರುತ್ತದೆ. ಚಪ್ಪಲಿಯ ವಿಷಯವನ್ನು ಬರೆಯುತ್ತೇನೆಂದಾಗ ಒಬ್ಬರು ನಕ್ಕರು. ಚಪ್ಪಲಿ ಮಾತ್ರವಲ್ಲ, ಅದರ ಚಿತ್ರವನ್ನು ಮೊಬೈಲಿನ ಫಲಕಕ್ಕೆ ಅಂಟಿಸಿ ಮಾರುವ ವಿಷಯ ಎಂದಾಗ ನಗು ನಿಂತಿತು. ನನ್ನ ಆರೋಗ್ಯವನ್ನು ವಿಚಾರಿಸಿದರು. ಓದುಗರು ಚಿಂತಿಸಬೇಕಾದುದಿಲ್ಲ. ವಿಷಯ ಹೊಸದೇ ಹೊರತು ಪ್ರಶ್ನೆ ನನ್ನ ವೃತ್ತಿಗೆ ಸೇರಿದುದೇ ಆಗಿದೆ. ಒಂದು ವಸ್ತುವಿಗೆ ಹೆಸರಿಡುವುದು ಹೇಗೆ, ಅದನ್ನು ಮಾಡಿದವನ ಹೆಸರನ್ನು ಹೇಳುವುದೋ ಬಿಡುವುದೋ ಎಂಬುದೇ ಆ ಪ್ರಶ್ನೆ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಅಥಣಿಯ ಆಚೆಯ ಒಂದು ಹಳ್ಳಿಯವನು. ತಂದೆ ಚಪ್ಪಲಿ ಮಾಡುವವರು. ಪುಣೆಯಲ್ಲಿ ಕೆಲವು ವರ್ಷ ನೌಕರಿ ಮಾಡಿ ಈಗ ಊರಿಗೆ ಮರಳಿ, ತಂದೆತಾಯಿಯರು ಮಾಡಿದ ಚಪ್ಪಲಿಗಳನ್ನು ದಲ್ಲಾಳಿಗಳ ಹಂಗಿಲ್ಲದೆ ತಾನೇ ಮಾರಲು ಹೊರಟಿದ್ದಾನೆ. ಮೊಬೈಲನ್ನು ಮುಂದಿಟ್ಟು ಹೇಳಿದನು: “ಗುರುಗಳ, ಚಿತ್ರ ಚಲೋ ಬಂದಾವ್ರಿ. ಆದ್ರ ಕೆಳಗ ಏನ್ ಬರೀಬೇಕು ತಿಳೀವಲ್ದು.”

ಚಿತ್ರಗಳು ನಿಜವಾಗಿಯೂ ಚೆನ್ನಾಗಿದ್ದವು. ಕೆಳಗೆ ಅವನು ಬರೆದಿದ್ದುದು ‘ಲೆದರ್ ಸ್ಯಾಂಡಲ್’ ಎಂಬ ಎರಡೇ ಮಾತು.

ಅವನು ಚಿತ್ರಗಳನ್ನು ಹಾಕುತ್ತಿದ್ದ ತಾಣದ ಹೆಸರು ಪಿಂಟರೆಸ್ಟ್. 2010ರಲ್ಲಿ ಅಮೆರಿಕದಲ್ಲಿ ಆರಂಭವಾದ ಇದನ್ನು ತಿಂಗಳೊಂದರಲ್ಲಿ ಬಳಸುವವರ ಸಂಖ್ಯೆ ಈಗ 50 ಕೋಟಿಯನ್ನು ಮೀರಿದೆ. ಶಾಲೆಯ ಸೂಚನಾ ಫಲಕಕ್ಕೆ ನಾವು ಟಾಚಣಿ ಚುಚ್ಚಿ ಕಾಗದವನ್ನು ನಿಲ್ಲಿಸುವಂತೆಯೇ ಇಲ್ಲಿ ಜನರು ತಮಗೆ ಮೆಚ್ಚಿಗೆಯಾದ ಚಿತ್ರಗಳನ್ನು ವಿಷಯಕ್ಕೊಂದು ಫಲಕ ಮಾಡಿಕೊಂಡು ಚುಚ್ಚಿಡುತ್ತಾರೆ. (ಟಾಚಣಿ ಎಂದರೆ ನಮ್ಮ ಗಡಿಸೀಮೆಯವರಿಗೆ ಸಾಕು, ಮೈಸೂರಿನ ಕಡೆಯ ಓದುಗರು ಗುಂಡುಸೂಜಿ ಎಂದು ಓದಿಕೊಳ್ಳಬೇಕು.) ಬೇರೆ ತಾಣಗಳಲ್ಲಿ ಹಾಕಿದ ಚಿತ್ರ ಸಾಮಾನ್ಯವಾಗಿ ನಾಲ್ಕು ದಿನಗಳಲ್ಲಿ ಕೆಳಕ್ಕೆ ಸರಿದು ಕಣ್ಮರೆಯಾಗುತ್ತದೆ. ಇಲ್ಲಿ ಹಾಗಲ್ಲ. ಮಗಳ ಮದುವೆಗೆ ಆರು ತಿಂಗಳಿರುವಾಗಲೇ ತಾಯಿಯೊಬ್ಬಳು ಸೀರೆ, ಮಂಟಪ, ಪಾದರಕ್ಷೆ ಎಂದು ಹುಡುಕುತ್ತಾ ಕುಳಿತರೆ, ಎರಡು ವರ್ಷದ ಹಿಂದೆ ಚುಚ್ಚಿದ ಚಿತ್ರವೂ ಎದ್ದು ಬರುತ್ತದೆ. ಆಕೆ ಎತ್ತಿಕೊಂಡುದನ್ನು ಇನ್ನೊಬ್ಬಳು ತನ್ನ ಫಲಕಕ್ಕೆ ಎತ್ತಿಕೊಳ್ಳುತ್ತಾಳೆ. ಚಿತ್ರವನ್ನು ಒತ್ತಿದರೆ ಅದಕ್ಕೆ ಜೋಡಿಸಿದ ಅಂಗಡಿಯ ಪುಟ ತೆರೆದುಕೊಳ್ಳುತ್ತದೆ. ವ್ಯಾಪಾರಿಗೆ ಖಾತೆ ತೆರೆಯಲು ಶುಲ್ಕವಿಲ್ಲ. ಬೆಂಗಳೂರಿನಲ್ಲಿ ಮಳಿಗೆಯ ಬಾಡಿಗೆಯನ್ನು ಕನಸಿನಲ್ಲಿಯೂ ಕಾಣದ ಮನೆಗಳಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಹುಡುಕುವವರು ಹುಡುಕುವುದು ಬಹುಮಟ್ಟಿಗೆ ಮಾತುಗಳಿಂದ. ಶೀರ್ಷಿಕೆಯಲ್ಲಿ, ವಿವರಣೆಯಲ್ಲಿ ಊರಿನ ಹೆಸರು, ಕಸುಬಿನ ಹೆಸರು, ತೊಗಲಿನ ಹೆಸರು ಇಲ್ಲದಿದ್ದರೆ ಎಷ್ಟು ಸುಂದರವಾದ ಚಿತ್ರವಾದರೂ ಜಾತ್ರೆಯಲ್ಲಿ ತಪ್ಪಿಸಿಕೊಂಡ ಕೂಸಿನಂತೆ. ಅದು ಯಾರದ್ದೆಂದು ಯಾರಿಗೂ ತಿಳಿಯದು, ಎತ್ತಿಕೊಂಡವರದೇ ಆಗುತ್ತದೆ. ನನ್ನ ಶಿಷ್ಯನಿಗೂ ಹೀಗೆಯೇ ಆಯಿತು. ಮಾತಿಲ್ಲದೆ ಹಾಕಿದ ಅವನ ಮೊದಲ ಚಿತ್ರಗಳಲ್ಲಿ ಒಂದು, ಅವನಿಗೆ ಪರಿಚಯವೇ ಇಲ್ಲದ ಬೇರೊಂದು ಅಂಗಡಿಯ ಸರಕಿನ ಚಿತ್ರವಾಗಿ ಕೆಲವೇ ವಾರಗಳಲ್ಲಿ ಕಾಣಿಸಿಕೊಂಡಿತು.

‘ಲೆದರ್ ಸ್ಯಾಂಡಲ್’ ಎಂಬ ಆ ಎರಡು ಮಾತನ್ನು ಅದಕ್ಕೆ ಸ್ವಲ್ಪ ಮೊದಲು ನಾನು ವೃತ್ತಪತ್ರಿಕೆಯಲ್ಲಿಯೂ ಓದಿದ್ದೆನು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದಲ್ಲಿ ನಡೆಸಿದ ಉಡುಪಿನ ಪ್ರದರ್ಶನದಲ್ಲಿ ರೂಪದರ್ಶಿಗಳು ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಗಳನ್ನು ಮೆಟ್ಟಿ ನಡೆದರು. ಸಂಸ್ಥೆಯ ಟಿಪ್ಪಣಿಯಲ್ಲಿ ಅವು ಬರಿಯ ‘ಲೆದರ್ ಸ್ಯಾಂಡಲ್’ಗಳಾಗಿದ್ದವು, ಕೊಲ್ಹಾಪುರವೂ ಇಲ್ಲ, ಅಥಣಿಯೂ ಇಲ್ಲ, ಭಾರತವೂ ಇಲ್ಲ. ಆ ಚಿತ್ರಗಳು ಸಾಮಾಜಿಕ ತಾಣಗಳಲ್ಲಿ ಹರಡಿ, ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ಜನರು ಪ್ರಶ್ನಿಸಿದ ಮೇಲೆ, ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಪತ್ರ ಬರೆದ ಮೇಲೆ, ಭಾರತದ ಶತಮಾನಗಳ ಕೈಕಸುಬಿನಿಂದ ಸ್ಫೂರ್ತಿ ಪಡೆದುದು ನಿಜವೆಂದು ಸಂಸ್ಥೆ ಒಪ್ಪಿಕೊಂಡಿತು. 2025ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕಗಳ ಎರಡು ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡು, ಈ ಎರಡು ರಾಜ್ಯಗಳಲ್ಲಿ 2,000 ಜೊತೆ ಚಪ್ಪಲಿಗಳನ್ನು ಮಾಡಿಸಿ ಜೊತೆಗೆ ಸುಮಾರು 800 ಯುರೋಗಳಂತೆ ಮಾರುವುದಾಗಿ ಪ್ರಕಟಿಸಿತು. ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿಗಳ ಮೇಲೆ. ಅದೇ ಚಪ್ಪಲಿ ನಮ್ಮ ಸಂತೆಯಲ್ಲಿ ಸಾವಿರಕ್ಕೆ ಬಂದರೆ ಚೌಕಾಶಿ ಮಾಡದೆ ಕೊಂಡವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ?

ಹೆಸರಿನ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಕೊಲ್ಹಾಪುರಿ ಎಂಬ ಹೆಸರಿನ ಒಳಗೇ ನಮ್ಮ ಊರುಗಳು ಅಡಗಿಹೋಗಿವೆ. ಛತ್ರಪತಿ ಶಾಹೂ ಮಹಾರಾಜರು ಈ ಕಸುಬಿಗೆ ಆಶ್ರಯವಿತ್ತು ಬೆಳೆಸಿದರು, ಕೊಲ್ಹಾಪುರದ ಪೇಟೆ ಅದಕ್ಕೆ ಹೆಸರನ್ನಿತ್ತಿತು, ಇದರಲ್ಲಿ ವಿವಾದವಿಲ್ಲ. ಆದರೆ ಆ ಪೇಟೆಗೆ ಹೋಗುವ ಸರಕು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಕಡೆಯ ಮನೆಗಳಿಂದಲೂ ಹೋಗುತ್ತಾ ಬಂದಿದೆ ಎಂಬುದನ್ನು ಈ ಭಾಗದವರಿಗೆ ನಾನು ಹೇಳಬೇಕಾದುದಿಲ್ಲ. ಎರಡು ರಾಜ್ಯಗಳ ನಿಗಮಗಳು ಒಟ್ಟಾಗಿ ಅರ್ಜಿ ಸಲ್ಲಿಸಿದುದರ ಫಲವಾಗಿ ಭೌಗೋಳಿಕ ಸೂಚಿಯ ಮಾನ್ಯತೆಯು ಎಂಟು ಜಿಲ್ಲೆಗಳಿಗೆ ದೊರೆತುದು 2019ರಲ್ಲಿ ಪ್ರಕಟವಾಯಿತು. ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರಗಳು ಆ ಕಡೆ; ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳು ಈ ಕಡೆ. ಆದರೂ 2025ರ ಗದ್ದಲದಲ್ಲಿ ನಮ್ಮ ಊರುಗಳ ಹೆಸರನ್ನು ಸುದ್ದಿಗಳಲ್ಲಿ ಹುಡುಕಿ ಓದಬೇಕಾಯಿತು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕುಶಲಕರ್ಮಿಗಳನ್ನು ಮರೆಯಬಾರದೆಂದು ಸಚಿವ ಪ್ರಿಯಾಂಕ್ ಖರ್ಗೆಯವರು ಆಗ ಸಾಮಾಜಿಕ ತಾಣದಲ್ಲಿಯೇ ಬರೆಯಬೇಕಾಯಿತು. ನಾವು ಕೊಲ್ಹಾಪುರದೊಡನೆ ಹೆಸರಿಗಾಗಿ ಜಗಳವಾಡುವುದು ನನಗೆ ಸಮ್ಮತವಲ್ಲ. ತೊಗಲಿಗೆ ಗಡಿ ತಿಳಿಯದು, ಎರಡೂ ಕಡೆಯ ಕಸುಬಿನವರು ಬೀಗರು. ಕೊಲ್ಹಾಪುರಿ ಎಂದು ಬರೆದ ಮೇಲೆ ಅದರ ಪಕ್ಕದಲ್ಲಿ ತನ್ನ ಊರಿನ ಹೆಸರನ್ನು ಬರೆಯಲು ಯಾರ ಅಡ್ಡಿ ಇದೆ ಎಂದಷ್ಟೇ ನಾನು ಕೇಳುತ್ತೇನೆ.

ಅಡ್ಡಿ ಇದೆ. ಅದನ್ನು ಹೇಳುವುದಕ್ಕಾಗಿಯೇ ಇಷ್ಟು ಪೀಠಿಕೆ ಹಾಕಿದೆನು.

“ನಿಮ್ಮಪ್ಪನ ಹೆಸರ ಯಾಕ ಹಾಕಿಲ್ಲ?” ಎಂದು ನಾನು ಕೇಳಿದಾಗ ಶಿಷ್ಯನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ ಹೇಳಿದನು: “ಹೆಸರ ಹಾಕಿದ್ರ ಜಾತಿ ಗೊತ್ತಾಗ್ತದಲ್ರಿ, ಗುರುಗಳ.”

ನನಗೆ ಇಪ್ಪತ್ತು ವರ್ಷಗಳ ಹಿಂದಿನ ಒಂದು ತರಗತಿ ನೆನಪಾಯಿತು. ‘ನನ್ನ ತಂದೆಯ ಕಾಯಕ’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಿಸಿದ್ದೆನು. ಒಕ್ಕಲಿಗರ ಮಕ್ಕಳು ಕಬ್ಬಿನ ವಿಷಯ ಬರೆದರು, ನಿಪ್ಪಾಣಿಯ ಕಡೆಯ ಹುಡುಗನೊಬ್ಬನು ತಂಬಾಕಿನ ವಿಷಯ ಬರೆದನು. ಈ ಹುಡುಗನು ಮಾತ್ರ ತನ್ನ ತಂದೆ ವ್ಯಾಪಾರಿ ಎಂದು ಬರೆದು, ಯಾವ ವ್ಯಾಪಾರವೆಂಬುದನ್ನು ಹೇಳದೆ, ಪ್ರಾಮಾಣಿಕತೆಯ ಮೇಲೆ ಒಂದು ಪುಟ ತುಂಬಿಸಿದ್ದನು. ಅವರ ತಂದೆ ಮಾಡಿದ ಚಪ್ಪಲಿಯನ್ನೇ ಮೆಟ್ಟಿಕೊಂಡು ನಾನು ಅಂದು ಶಾಲೆಗೆ ಬಂದಿದ್ದೆನು. ಎಲ್ಲವೂ ನನಗೆ ಗೊತ್ತಿತ್ತು. ಎರಡು ಕಾಗುಣಿತದ ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದಿ, ಹತ್ತಕ್ಕೆ ಏಳು ಅಂಕಗಳನ್ನು ಕೊಟ್ಟು ಪುಸ್ತಕವನ್ನು ಮುಚ್ಚಿದೆನು. ಹುಡುಗನಿಗೆ ಮುಜುಗರವಾಗದಿರಲಿ ಎಂಬುದು ನನ್ನ ದಯೆಯೆಂದು ಬಹುಕಾಲ ತಿಳಿದಿದ್ದೆ. ಆ ಮೌನದಿಂದ ಅವನು ಕಲಿತ ಪಾಠವೇನೆಂಬುದು ಕಳೆದ ವರ್ಷ ಅವನ ಮೊಬೈಲಿನಲ್ಲಿ ಕಾಣಿಸಿತು. ಮಿಲಾನಿನವರು ಹೆಸರನ್ನು ಬಿಟ್ಟುದಕ್ಕೆ ನಾವು ಸಿಟ್ಟಾದೆವು. ನಮ್ಮ ಊರಿನಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಲಾಗದಂತೆ ಮಾಡಿದವರು ಯಾರು?

ಬಸವ ಜಯಂತಿಯ ದಿನ ನಮ್ಮ ವೇದಿಕೆಗಳ ಮೇಲೆ ಸಮಗಾರ ಹರಳಯ್ಯನವರ ಕಥೆಯನ್ನು ಹೇಳದ ಭಾಷಣಕಾರನಿಲ್ಲ. ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ತೊಗಲಿನಿಂದ ಚಮ್ಮಾವುಗೆಯನ್ನು ಮಾಡಿ ಬಸವಣ್ಣನವರಿಗೆ ಒಪ್ಪಿಸಿದ ಪ್ರಸಂಗ ಬಂದಾಗ ಸಭೆ ಕಣ್ಣೊರಸಿಕೊಳ್ಳುತ್ತದೆ. ನಾನೂ ಒರಸಿಕೊಂಡಿದ್ದೇನೆ, ಭಾಷಣವನ್ನೂ ಮಾಡಿದ್ದೇನೆ. ಕಾರ್ಯಕ್ರಮ ಮುಗಿದು ಹೊರಗೆ ಬಂದು ಚಪ್ಪಲಿಗಳನ್ನು ಹುಡುಕಿ ಮೆಟ್ಟುವಾಗ ಅವುಗಳನ್ನು ಮಾಡಿದವರಾರೆಂದು ನಾವು ಎಂದಾದರೂ ಕೇಳಿಕೊಂಡುದುಂಟೇ?

ಹೆಸರಿಲ್ಲದ ಚಿತ್ರದಿಂದ ಆಗುವ ಹಾನಿ ಮಾನಕ್ಕೆ ಸಂಬಂಧಿಸಿದುದು ಮಾತ್ರವಲ್ಲ, ಹೊಟ್ಟೆಗೂ ಸಂಬಂಧಿಸಿದುದು. ಪಿಂಟರೆಸ್ಟಿನಲ್ಲಿ ಒಂದು ಚಿತ್ರವನ್ನು ಹೋಲುವ ಬೇರೆ ಚಿತ್ರಗಳನ್ನು ಯಂತ್ರವೇ ಹುಡುಕಿ ತಂದು ಪಕ್ಕದಲ್ಲಿ ಜೋಡಿಸುತ್ತದೆ. ಆ ಸಾಲಿನಲ್ಲಿ ರೆಕ್ಸಿನ್ ಕತ್ತರಿಸಿ ಅಂಟು ಹಚ್ಚಿ ಯಂತ್ರದಲ್ಲಿ ಒತ್ತಿದ ‘ಕೊಲ್ಹಾಪುರಿ’ಯೂ, ತಿಂಗಳುಗಟ್ಟಲೆ ಹದಗೊಂಡ ತೊಗಲಿನ ಕೊಲ್ಹಾಪುರಿಯೂ ಒಂದೇ ಬಣ್ಣದಲ್ಲಿ, ಒಂದೇ ಅಳತೆಯಲ್ಲಿ ಕುಳಿತಿರುತ್ತವೆ. ಕಣ್ಣಿಗೆ ಭೇದವಿಲ್ಲ, ಬೆಲೆಯಲ್ಲಿ ಮೂರು ಪಟ್ಟು ಭೇದ. ಕೊಳ್ಳುವವರು ಯಾವುದನ್ನು ಕೊಳ್ಳುತ್ತಾರೆಂಬುದನ್ನು ಹೇಳಬೇಕಾಗಿಲ್ಲ. ಭೇದವನ್ನು ತಿಳಿಸಬಲ್ಲುದು ಚಿತ್ರದ ಕೆಳಗಿನ ಮಾತು ಒಂದೇ. ಅಡಿಗೆ ಎಮ್ಮೆಯ ತೊಗಲು, ಮೇಲಿನ ಹೆಣಿಗೆಗೆ ಆಡಿನ ತೊಗಲು. ಹದ ಮಾಡುವುದು ಜಾಲಿಯ ಚಕ್ಕೆ ಮತ್ತು ಅಳಲೆಕಾಯಿಗಳ ರಸದಲ್ಲಿ. ಮೊಳೆ ಇಲ್ಲ, ತೊಗಲಿನ ಎಳೆಯಿಂದಲೇ ಹೊಲಿಗೆ. ಅಟ್ಟೆಯನ್ನು ರಂಪಿಗೆಯಿಂದ ಕೊಯ್ದು ಹೊಲಿಯುವುದು ಹೆಚ್ಚಾಗಿ ಗಂಡಸರ ಕೆಲಸ. ಜಡೆಯಂತೆ ಎಳೆಗಳನ್ನು ಹೆಣೆಯುವುದು, ಪಟ್ಟಿಗೆ ರಂಧ್ರದ ಚಿತ್ತಾರ ಹಾಕುವುದು ಹೆಣ್ಣುಮಕ್ಕಳದು. ಮಳೆಯ ನೀರು ಇದಕ್ಕೆ ಆಗದು. ಮೊದಲ ವಾರ ಕಾಲಿಗೆ ಸ್ವಲ್ಪ ಬಿಗಿ, ಎಣ್ಣೆ ಸವರಿ ಮೆಟ್ಟಿದರೆ ಕಾಲಿನ ಆಕಾರಕ್ಕೆ ಒಗ್ಗುತ್ತದೆ. ಇಷ್ಟನ್ನು ಬರೆದರೆ ಸಾಕು. ಹಳೆಯ ಕಾಲದ ಗೌಡರು ಓಣಿಯಲ್ಲಿ ಬರುವಾಗ ಚಪ್ಪಲಿಯಿಂದ ಏಳುತ್ತಿದ್ದ ಆ ಕರಕರ ಸದ್ದನ್ನು ಮಾತ್ರ ಚಿತ್ರದಲ್ಲಿಯೂ ಕಳಿಸಲಾಗದು, ಮಾತಿನಲ್ಲಿಯೂ ಕಳಿಸಲಾಗದು.

ಮಳೆಯ ವಿಷಯ, ಬಿಗಿಯ ವಿಷಯ ಬರೆದರೆ ಗಿರಾಕಿ ಓಡಿಹೋಗುತ್ತಾನೆಂದು ಶಿಷ್ಯನು ಅಂಜಿದನು. ಕೊಂಡ ಮೇಲೆ ತಿಳಿದು ಹಿಂದಕ್ಕೆ ಕಳಿಸಿದರೆ ಹೋಗುವ ಬರುವ ಅಂಚೆಯ ಖರ್ಚು ಯಾರದೆಂದು ಕೇಳಿದೆನು. ಅವನಿಗೆ ಒಪ್ಪಿಗೆಯಾಯಿತು. ನನಗೆ ವ್ಯಾಪಾರ ತಿಳಿಯದೆಂದು ನನ್ನ ಮನೆಯವರು ಹೇಳುವುದುಂಟು; ಈ ಒಂದು ಸಂದರ್ಭದಲ್ಲಿ ಅವರ ಮಾತು ಸುಳ್ಳಾಯಿತು.

ಹೆಸರಿಟ್ಟು ಮಾರುವುದು ನಮ್ಮಲ್ಲಿ ಹೊಸ ಸಾಹಸವೂ ಅಲ್ಲ. ಮೊಬೈಲಿನ ಕಾಲಕ್ಕೆ ಮೊದಲೇ, 1990ರ ದಶಕದ ಕೊನೆಯ ಹೊತ್ತಿಗೆ, ಬೆಂಗಳೂರಿನ ಅಸೆಂಟ್ ಸಂಸ್ಥೆಯ ನೆರವಿನಿಂದ ಅಥಣಿಯ ಭಾಗದ ಹೆಣ್ಣುಮಕ್ಕಳು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡು, ‘ಟೋಹೋಲ್ಡ್’ ಎಂಬ ತಮ್ಮದೇ ಗುರುತಿನಿಂದ ಚಪ್ಪಲಿಗಳನ್ನು ಪರದೇಶಕ್ಕೆ ಕಳುಹಿಸಿದರು. ಮನೆಯ ಮೂಲೆಯಲ್ಲಿ ಕೂಲಿಯ ಲೆಕ್ಕವೇ ಇಲ್ಲದೆ ಎಳೆ ಹೆಣೆಯುತ್ತಿದ್ದವರ ಹೆಸರಿನಲ್ಲಿ ಬ್ಯಾಂಕಿನ ಪುಸ್ತಕಗಳು ಆದವು. ಆ ಹೆಣ್ಣುಮಕ್ಕಳು ಮೊದಲು ತಮ್ಮದೆಂದು ಹೇಳಿಕೊಂಡರು. ಮಾರುಕಟ್ಟೆ ಆಮೇಲೆ ಬಂದಿತು.

ಶಾಲೆಗೆ ಇದೆಲ್ಲ ಏಕೆ ಎಂದು ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಕೇಳಿದ್ದಾರೆ. ವ್ಯಾಪಾರ ಕಲಿಸುವುದು ಶಾಲೆಯ ಕೆಲಸವಲ್ಲವೆಂಬ ಅವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಕಂಡುದನ್ನು ಕಂಡಂತೆ, ಸುಳ್ಳಿಲ್ಲದೆ, ಹತ್ತು ಸಾಲಿನಲ್ಲಿ ಬರೆಯುವುದನ್ನು ಕಲಿಸುವುದು ಕನ್ನಡ ಪಂಡಿತನ ಕೆಲಸವಲ್ಲವೇ? ನಾವು ಮಕ್ಕಳಿಂದ ‘ಮುಂಜಾವಿನ ಸೊಬಗು’ ಬರೆಯಿಸುತ್ತೇವೆ. ಅವರು ಅದನ್ನು ಕಳೆದ ವರ್ಷದ ಮಾರ್ಗದರ್ಶಿಯಿಂದ ನಕಲು ಮಾಡುತ್ತಾರೆ. ಅದರ ಬದಲು ಅಜ್ಜಿ ಹೊಲಿಯುವ ಕೌದಿಯನ್ನೋ, ತಂದೆಯ ಚಪ್ಪಲಿಯನ್ನೋ ನೋಡಿ, ಯಾವ ಅರಿವೆ, ಎಷ್ಟು ದಿನದ ಹೊಲಿಗೆ, ಎಲ್ಲಿ ತಪ್ಪಿ ಎಲ್ಲಿ ಬಿಚ್ಚಿದರು ಎಂಬುದನ್ನು ಬರೆಯಲಿ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬೇಕೇ ಬೇಕು, ದೂರದ ಗಿರಾಕಿ ಅದರಲ್ಲಿಯೇ ಹುಡುಕುತ್ತಾನೆ. ಕನ್ನಡ ಏಕೆಂದರೆ ಆ ಕಸುಬಿನ ಮಾತುಗಳು ಇರುವುದು ಕನ್ನಡದಲ್ಲಿ ಮತ್ತು ಆ ಮನೆಗಳ ಮರಾಠಿಯಲ್ಲಿ. ಅವು ಇನ್ನೊಂದು ತಲೆಮಾರಿಗೆ ಉಳಿಯುವ ಭರವಸೆ ನನಗಿಲ್ಲ.

ದಾನಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆಯಿದೆ. ಗೋಡೆಗೆ ಕೂಡಿಸುವ ಅಮೃತಶಿಲೆಯ ನಾಮಫಲಕಗಳು ನಮ್ಮ ಶಾಲೆಯಲ್ಲಿ ಸಾಕಷ್ಟಿವೆ, ಅವನ್ನು ಕೊಟ್ಟವರಿಗೆ ನಾವು ಋಣಿಗಳು. ಈ ವರ್ಷ ಯಾರಾದರೊಬ್ಬರು, ಮನೆಯ ಕಸುಬನ್ನು ಕುರಿತು ತಂದೆತಾಯಿಯರ ಹೆಸರು ಸಹಿತ ಬರೆದ ಅತ್ಯುತ್ತಮ ಬರಹಕ್ಕೆ ಒಂದು ದತ್ತಿಯನ್ನಿಡಲಿ. ಹೆಸರು ಬರೆಯಬೇಕೆಂಬುದು ಬಲವಂತವಾಗಬಾರದು. ಹೆಸರಿನಿಂದ ಒದಗುವ ನೋವನ್ನು ಉಣ್ಣುವವರು ಅವರು, ನಾವಲ್ಲ. ಆದರೆ ಬರೆದ ಹುಡುಗನು ಬಹುಮಾನವನ್ನು ಈಸಿಕೊಳ್ಳಲು ವೇದಿಕೆಗೆ ಬರುವಾಗ ಅವನ ತಂದೆ ಮುಂದಿನ ಸಾಲಿನಲ್ಲಿ ಕುಳಿತಿರಬೇಕು.

ನಾನೂ ಶಿಷ್ಯನೂ ಕೂಡಿ ಬರೆದ ವಿವರಣೆಯನ್ನು ಅವನು ಮನೆಗೆ ಒಯ್ದು ತಂದೆಗೆ ಓದಿ ಹೇಳಿದನಂತೆ. ಮುದುಕರು ಪೂರ್ತಿ ಕೇಳಿ, ಅಳಲೆಕಾಯಿಯ ವಿಷಯದಲ್ಲಿ ನಾನು ಮಾಡಿದ್ದ ಒಂದು ತಪ್ಪನ್ನು ತಿದ್ದಿದರಂತೆ. ಮುಖದ ಚಿತ್ರ ಬೇಡ, ಕೈಗಳದು ಇರಲಿ ಎಂದರಂತೆ. ಹೆಸರಿನ ಮಾತು ಬಂದಾಗ, “ಈಗ ಊರ ಹೆಸರ ಹಾಕು, ನನ್ನ ಹೆಸರ ದೀಪಾವಳಿ ಆದ ಮ್ಯಾಲ ನೋಡೂಣು” ಎಂದರಂತೆ.