ಎಲುಬಿನೊಳಗಿನ ಹಗೆ

ಕಡಬದ ತೋಟದಲ್ಲಿ ಅಡಿಕೆ ಕೊಯ್ಯಲು ಮರವೇರಿ, ಬಿದ್ದು ಕಾಲು ಮುರಿದುಕೊಂಡವನನ್ನು ಪುತ್ತೂರಿಗೋ ಮಂಗಳೂರಿಗೋ ಒಯ್ಯುತ್ತಾರೆ. ಎಲುಬಿಗೆ ಲೋಹದ ಪಟ್ಟಿ ಬಿಗಿದು, ಹೊಲಿಗೆ ಬಿಚ್ಚಿ ಮನೆಗೆ ಕಳುಹಿದ ಮೇಲೂ ಒಮ್ಮೊಮ್ಮೆ ಗಾಯದಿಂದ ಕೀವು ಒಸರುವುದುಂಟು. ಸ್ಟೆಫಿಲೊಕಾಕಸ್ ಎಂಬ ಸೂಕ್ಷ್ಮಾಣುವೇ ಇದಕ್ಕೆ ಮುಖ್ಯ ಕಾರಣ. ಪೆನಿಸಿಲಿನ್ನಿಗೆ ಬಗ್ಗದ ಅದನ್ನು ಮಣಿಸಲೆಂದು ಮೆಥಿಸಿಲಿನ್ ಬಂದಿತು. 1961ರಲ್ಲೇ ಇಂಗ್ಲೆಂಡಿನಲ್ಲಿ ಅದಕ್ಕೂ ಜಗ್ಗದ ತಳಿ ಕಾಣಿಸಿಕೊಂಡಿತು. ವಿಪರ್ಯಾಸವೆಂದರೆ, ಇಂಥ ತಳಿಗಳಿಗೆ ಆಸ್ಪತ್ರೆಯೇ ತವರು.

ಸತ್ತ ಎಲುಬಿನಲ್ಲಿ ರಕ್ತ ಹರಿಯದು. ರಕ್ತ ಹರಿಯದಲ್ಲಿಗೆ ಮದ್ದೂ ತಲುಪದು. ಪಟ್ಟಿಯ ಮೇಲೆ ಪೊರೆ ಕಟ್ಟಿಕೊಂಡು ಸೂಕ್ಷ್ಮಾಣುಗಳು ನಿಶ್ಚಿಂತವಾಗಿರುತ್ತವೆ. ಆದುದರಿಂದ ವೈದ್ಯರು ಕೀವನ್ನು ಪರೀಕ್ಷಿಸಿ, ಸತ್ತ ಭಾಗವನ್ನು ಕೆರೆದು ತೆಗೆದು, ಸಾಮಾನ್ಯವಾಗಿ 6 ವಾರ ಮದ್ದು ಕೊಡುತ್ತಾರೆ. ಅಂಗಡಿಯಿಂದ ತಂದ ನಾಲ್ಕು ಗುಳಿಗೆ ಇಲ್ಲಿ ನೀರಿಗೆ ಸಮ. ನೋವಿಳಿಯಿತೆಂದು ನಡುವೆ ಮದ್ದು ಬಿಟ್ಟವನ ಗಾಯ, ಮುಂದಿನ ಕೊಯ್ಲಿಗೆ ಅವನು ಮರದ ಬುಡಕ್ಕೆ ಬರುವ ಹೊತ್ತಿಗೆ, ಮತ್ತೆ ಬಾಯಿ ತೆರೆದಿರಬಹುದು.