ಬತ್ತಿ ಆರಿದರೆ ಕೋವಿಯೂ ಕೋಲು

ಮದ್ದೂರಿನ ಕಡೆಯಿಂದ ಬ್ಲಫ್‌ಗೆ ಪ್ರವಾಸ ಹೊರಟ ಶಾಲಾ ಮಕ್ಕಳ ಬಸ್ಸು ಮಳವಳ್ಳಿಯನ್ನು ದಾಟಿಯೇ ಹೋಗಬೇಕು. ಆ ಮಳವಳ್ಳಿಯ ಬಳಿ 1799ರ ಮಾರ್ಚ್ 27ರಂದು ಟಿಪ್ಪು ಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಕಾಳಗ ನಡೆಯಿತು. ಅಷ್ಟರಲ್ಲಿ ಎರಡೂ ಕಡೆಯ ಕವಾಯತು ಕಲಿತ ಪಡೆಗಳಿಗೆ ಚಕಮಕಿ ಕೋವಿ ಬಂದಿತ್ತು. ಪಾಳೆಯಗಾರರ ಕಾಲಾಳುಗಳ ಕೈಯಲ್ಲಿ ಮಾತ್ರ ಹಳೆಯ ಬತ್ತಿ ಕೋವಿಯೇ ಉಳಿದಿತ್ತು. ಎರಡರಲ್ಲೂ ಮದ್ದು ಒಂದೇ, ಸೀಸದ ಗುಂಡೂ ಒಂದೇ. ಬೆಂಕಿ ಹಚ್ಚುವ ಬಗೆಯೇ ಬೇರೆ.

ಕೋವಿ ಹುಟ್ಟಿದ ಕಾಲದಲ್ಲಿ ಅದರ ಕಿವಿಗೆ ಬೆಂಕಿಯನ್ನು ಕೈಯಿಂದಲೇ ಮುಟ್ಟಿಸಬೇಕಿತ್ತು. ಒಂದು ಕೈಯಲ್ಲಿ ನಳಿಗೆ, ಇನ್ನೊಂದರಲ್ಲಿ ಕೆಂಡ. ಕಣ್ಣು ಗುರಿಯ ಮೇಲೋ ಕಿವಿಯ ಮೇಲೋ? 15ನೇ ಶತಮಾನದಲ್ಲಿ ಯೂರೋಪಿನಲ್ಲಿ ಇದಕ್ಕೊಂದು ಉಪಾಯ ಕಂಡಿತು. ಹೊಗೆಯಾಡುವ ಬತ್ತಿಯನ್ನು ಕಬ್ಬಿಣದ ಕೊಕ್ಕೆಗೆ ಸಿಕ್ಕಿಸಿದರು. ಟ್ರಿಗರ್ ಎಳೆದರೆ ಕೊಕ್ಕೆ ಬಾಗಿ, ಬತ್ತಿಯ ತುದಿ ಪುಟ್ಟ ಬಟ್ಟಲಲ್ಲಿದ್ದ ನುಣುಪಾದ ಮದ್ದಿಗೆ, ಅಂದರೆ ರಂಜಕಕ್ಕೆ, ತಾಗುತ್ತದೆ. ಅದು ಭಗ್ಗೆಂದು ಹೊತ್ತಿ, ಕಿವಿಯ ತೂತಿನಿಂದ ಕಿಡಿ ಒಳನುಗ್ಗಿ ನಳಿಗೆಯ ಮದ್ದು ಸಿಡಿಯುತ್ತದೆ. ಎಷ್ಟೋ ಸಲ ರಂಜಕ ಮಾತ್ರ ಉರಿದು ಗುಂಡು ಒಳಗೇ ಉಳಿಯುತ್ತಿತ್ತು.

ಬತ್ತಿಯೆಂದರೆ ಬರಿಯ ಹಗ್ಗವಲ್ಲ. ಅದನ್ನು ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸುತ್ತಿದ್ದರು. ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಬಿಸಿಯಾದಾಗ ಆಮ್ಲಜನಕ ಬಿಡುತ್ತದೆ. ಆದ್ದರಿಂದ ಬತ್ತಿ ಜ್ವಾಲೆಯಿಲ್ಲದೆ, ಸುಲಭವಾಗಿ ಆರದೆ, ಗಂಟೆಗೆ ಕೆಲವೇ ಅಂಗುಲದಷ್ಟು ಸುಡುತ್ತಾ ಹೋಗುತ್ತದೆ. ಮದ್ದಿನಲ್ಲೂ ಸುಮಾರು ಮುಕ್ಕಾಲು ಪಾಲು ಇದೇ ಉಪ್ಪು. ಉಳಿದದ್ದು ಇದ್ದಿಲು, ಗಂಧಕ.

ಮಳೆ ಬಂದರೆ ಬತ್ತಿಯೂ ಆರಿತು, ರಂಜಕವೂ ಕರಗಿತು. ರಾತ್ರಿಯಲ್ಲಿ ಕೆಂಡದ ಚುಕ್ಕಿಗಳು ಸೈನ್ಯ ಎಲ್ಲಿದೆಯೆಂದು ವೈರಿಗೆ ತೋರಿಸಿಕೊಟ್ಟವು. ಸೊಂಟದಲ್ಲಿ ಮದ್ದಿನ ಬುರುಡೆ, ಕೈಯಲ್ಲಿ ಉರಿಯುವ ಬತ್ತಿ: ಗುಂಡು ತುಂಬುವಾಗ ಎಚ್ಚರ ತಪ್ಪಿದರೆ ಸಾಯುವವನು ಎದುರಾಳಿಯಲ್ಲ. ಇಷ್ಟಾದರೂ 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಬಂದ ಪೋರ್ಚುಗೀಸ್ ಕೋವಿಗಾರರು ಕೋಟೆಯ ಮೇಲಿದ್ದವರು ತಲೆ ಎತ್ತದಂತೆ ಮಾಡಿ ಗೋಡೆ ಕೆಡವಲು ನೆರವಾದರು.

ಚಕಮಕಿ ಬಂದ ಮೇಲೂ ಬತ್ತಿ ಕೋವಿ ಉಳಿದದ್ದೇಕೆ? ಚಕಮಕಿಗೆ ಒಳ್ಳೆಯ ಉಕ್ಕಿನ ಸ್ಪ್ರಿಂಗು ಬೇಕು, ಸವೆದಾಗ ಬದಲಿಸಲು ತಕ್ಕ ಕಲ್ಲು ಬೇಕು. ಬತ್ತಿ ಕೋವಿಯನ್ನು ಊರಿನ ಕಮ್ಮಾರನೇ ರಿಪೇರಿ ಮಾಡಬಲ್ಲ. ಹಳೆಯದಕ್ಕೆ ಅಂಟಿಕೊಂಡವರನ್ನು ದಡ್ಡರೆನ್ನುವುದು ಸರಿಯಲ್ಲ. ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಂತೂ ಹುಲಿಯ ಚಿತ್ತಾರದ ಸೊಗಸಾದ ಚಕಮಕಿ ಕೋವಿಗಳೇ ತಯಾರಾಗುತ್ತಿದ್ದವು.

ಶ್ರೀರಂಗಪಟ್ಟಣ ಬಿದ್ದ ಎಂಟು ವರ್ಷಕ್ಕೆ, 1807ರಲ್ಲಿ, ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಪೆಟ್ಟು ಬಿದ್ದರೆ ಸಿಡಿಯುವ ಮದ್ದಿನ ಬೀಗಕ್ಕೆ ಪೇಟೆಂಟ್ ಪಡೆದ. ಬಟ್ಟಲಿನ ಬೆಳಕು ಕಂಡೊಡನೆ ಹಕ್ಕಿಗಳು ಹಾರಿಹೋಗುವುದು ಅವನ ತಲೆನೋವಾಗಿತ್ತಂತೆ! ಮುಂದೆ ಅದೇ ತತ್ವದಿಂದ ತಾಮ್ರದ ಪುಟ್ಟ ಟೋಪಿ ಹುಟ್ಟಿತು. ಮಲೆನಾಡಿನವರು ‘ಕೇಪಿನ ಕೋವಿ’ ಎನ್ನುವುದು ಅದನ್ನೇ.